ಪೂಜೆಗೆ ಕೂತ ಅಲನ್ ಕೀ

ನಮ್ಮ ಮನೆಯ ಹತಾರದ ಡಬ್ಬಿಯಲ್ಲಿ ಒಂದು ಅಲನ್ ಕೀ ಇದೆ. ಸೈಕಲ್ಲಿನ ಬೋಲ್ಟು ಬಿಗಿಯುವ, ಮೊಣಕೈಯ ಹಾಗೆ ಬಾಗಿದ, ಬೆರಳುದ್ದದ ಉಕ್ಕಿನ ಕಡ್ಡಿ. ಅದರ ಬಾಗಿನಲ್ಲಿ ಒಂದಿಷ್ಟು ಕುಂಕುಮ ಮೆತ್ತಿಕೊಂಡು ಒಣಗಿದೆ. ಬಟ್ಟೆಗೆ ಎಣ್ಣೆ ಹಚ್ಚಿ ಉಜ್ಜಿದರೆ ಹೋದೀತು, ನಾನು ಉಜ್ಜಿಲ್ಲ. ಮೊನ್ನೆ ಕುಕ್ಕರಿನ ಹಿಡಿಕೆ ಅಲ್ಲಾಡುತ್ತಿತ್ತೆಂದು ಸ್ಕ್ರೂಡ್ರೈವರ್ ಹುಡುಕಲು ಡಬ್ಬಿಗೆ ಕೈ ಹಾಕಿದೆ, ಕೈಗೆ ಇದು ಬಂತು. ಬೇಳೆ ಇಡುವುದನ್ನು ಬಿಟ್ಟು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಅಂಗೈ ಬೆವೆತಿತ್ತು. ವರ್ಷದ ಮೇಲಾಯಿತು, ಈಗಲೂ ಬೆವರುತ್ತದ್ರಿ.

"ಮೇಡಂ, ನಿಮ್ಮ ಸೈಕಲ್ ನೀವೇ ರಿಪೇರಿ ಮಾಡ್ಕೊತೀರಂತಲ್ಲ, ಅದ್ರಿಂದ ಏನ್ ಕಲ್ತ್ರಿ?" ಅಂತ ನಮ್ಮ ಬ್ಯಾಂಕಿಗೆ ಹೊಸದಾಗಿ ಬಂದ ಕಲಬುರಗಿಯ ಹುಡುಗಿ ಒಮ್ಮೆ ಕೇಳಿದಳು. ನಾನು ಊಟದ ಡಬ್ಬಿ ಬಿಚ್ಚುತ್ತ ಭಾಷಣ ಬಿಗಿದೆ. ತಾಳ್ಮೆ ಬರ್ತದ, ಧೈರ್ಯ ಬರ್ತದ, ಉಗುರಿನಾಗ ಗ್ರೀಸ್ ಬರ್ತದ ಅಂದೆ. ಎಲ್ಲರೂ ನಕ್ಕರು. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ಅದು ಒಂದು ದಸರೆಯ ಬೆಳಗಿನ ಮಾತು. ನಾನು ಪೂರ್ತಿ ಬಿಗಿಯದೆ ಬಿಟ್ಟ ಬ್ರೇಕನ್ನು ನಂಬಿ ನನ್ನ ಮಗಳು ಅವತ್ತು ಗುಹೆಗಳ ಊರು ವೇರೂಳಿನ ಘಾಟ್ ರಸ್ತೆ ಇಳಿಯಲು ಹೊರಟಿದ್ದಳು.

ಮೊದಲು ನನ್ನ ಚಟದ ಮೂಲ ಹೇಳಬೇಕು. ನಾನು ಭಾಲ್ಕಿಯವಳು. ವರ್ಗವಾಗಿ ನಾಸಿಕಕ್ಕೆ ಹೋದಾಗ ಪಂಚವಟಿಯಲ್ಲಿ ಮನೆ ಹಿಡಿದಿದ್ದೆವು. ಆ ಗಲ್ಲಿಗಳಲ್ಲಿ ಒಂದು ರಿಕ್ಷಾ ಅಡ್ಡ ನಿಂತರೆ ಸಾಕು, ಯಾತ್ರಿಕರು, ಭಟ್ಟರು, ಹೂವಿನ ಬುಟ್ಟಿಯವರು, ಒಂದೆರಡು ಆಕಳು ಎಲ್ಲ ಸೇರಿ ಗಂಟು ಬೀಳುತ್ತಿದ್ದರು. ಬ್ಯಾಂಕಿಗೆ ತಡವಾಗುತ್ತದೆಂದು ಒಂದು ಹಳೆಯ ಸೈಕಲ್ ಕೊಂಡೆ. ವಾರದೊಳಗೆ ಪಂಕ್ಚರ್. ಅಂಗಡಿಯವನು "ಉದ್ಯಾ ಯಾ, ತಾಈ" ಅಂದ, ನಾಳೆ ಬಾ ಅಂತ. ಮರುದಿನ ಹೋದರೂ ಅದೇ ರಾಗ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಕೊಡಪ್ಪಾ ಇತ್ತ, ನಾನೇ ಮಾಡ್ಕೊತೀನಿ" ಅಂತ ಅಪ್ಪಟ ಕನ್ನಡದಲ್ಲಿ ಬೈದು, ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಅವನಿಗೆ ಏನೂ ತಿಳಿಯಲಿಲ್ಲ. ನನಗೂ ಮುಂದೇನು ಮಾಡಬೇಕೆಂದು ತಿಳಿದಿರಲಿಲ್ಲ.

ಟಾಯರ್ ಬಿಚ್ಚಲು ಹತಾರ ಇರಲಿಲ್ಲ, ಅಡುಗೆಮನೆಯ ಸ್ಟೀಲ್ ಚಮಚೆ ತುರುಕಿ ಎಬ್ಬಿಸಿದೆ. ಟಾಯರ್ ಬಿಚ್ಚಿತು, ಚಮಚೆಗಳು ಬಾಗಿದವು. ಮುಂದೆ ಬೀದರಿನಿಂದ ಬೀಗರು ಬಂದಾಗ ಅತ್ತೆಯವರು ಅದೇ ಚಮಚೆಗಳನ್ನು ಪಾಯಸದ ಬಟ್ಟಲಲ್ಲಿ ಇಟ್ಟುಕೊಟ್ಟರು. ಬೀಗರು ತಿನ್ನುವಷ್ಟು ಹೊತ್ತೂ ಚಮಚೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಮರ್ಯಾದಸ್ಥರು, ಏನೂ ಕೇಳಲಿಲ್ಲ. ಇನ್ನೊಮ್ಮೆ ಎಡಗಡೆಯ ಪೆಡಲ್ ಬಿಚ್ಚಲು ಇಡೀ ಭಾನುವಾರ ಪಾನಾ ಅಂದರೆ ಸ್ಪ್ಯಾನರಿನ ಮೇಲೆ ಜೋತುಬಿದ್ದೆ, ಹತ್ತಿ ನಿಂತೆ, ನಮ್ಮ ಮನೆಯವರನ್ನೂ ಹತ್ತಿಸಿ ನಿಲ್ಲಿಸಿದೆ. ಎಡ ಪೆಡಲಿನ ಸುತ್ತು ಉಲ್ಟಾ ಇರುತ್ತದೆ, ನಾವಿಬ್ಬರೂ ಸೇರಿ ಅದನ್ನು ಬಿಗಿಯುತ್ತಿದ್ದೆವು ಅಂತ ಸಂಜೆ ಗೊತ್ತಾಯಿತು. ಗಂಡ ಹೆಂಡತಿ ಅಷ್ಟು ಒಗ್ಗಟ್ಟಿನಿಂದ ಯಾವ ಕೆಲಸವನ್ನೂ ಆಮೇಲೆ ಮಾಡಿಲ್ಲ.

ಹೀಗೆ ಕೆಡಿಸುತ್ತ ಕೆಡಿಸುತ್ತ ಕಲಿತೆ. ಸಂಭಾಜಿನಗರಕ್ಕೆ ವರ್ಗವಾಗಿ ಬರುವ ಹೊತ್ತಿಗೆ ಪಾನಾ, ಅಲನ್ ಕೀ, ಚೈನ್ ಬಿಚ್ಚುವ ಸಾಧನ ಎಲ್ಲ ಒಂದು ಡಬ್ಬಿಯ ತುಂಬ ಕೂಡಿದ್ದವು. ನಮ್ಮ ಮನೆಯವರದು ಕೇಂದ್ರ ಸರ್ಕಾರದ ನೌಕರಿ, ಅವರು ನಾಸಿಕದಲ್ಲೇ ಉಳಿದರು. ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಇಲ್ಲಿಯ ಮನೆಯಲ್ಲಿ ನಾನು, ಅತ್ತೆಯವರು, ಕಾಲೇಜಿಗೆ ಹೋಗುವ ಮಗಳು ಶಿವಾನಿ. ಮೂವರು ಹೆಂಗಸರು, ಮೂವರಿಗೂ ಹಠ.

ಹಠದ ಮಾತು ಬಂತು ಅಂದಮೇಲೆ ಖಂಡೆ ಪೂಜೆಯ ಜಗಳ ಹೇಳಲೇಬೇಕು. ನಮ್ಮ ಕಡೆ ದಸರೆಯ ಹಿಂದಿನ ದಿನ, ನವಮಿಗೆ, ಮನೆಯ ಹತಾರಗಳನ್ನೆಲ್ಲ ತೊಳೆದು ನವರಾತ್ರಿಗೆ ಕೂಡಿಸಿದ ದೇವಿಯ ಘಟದ ಮುಂದೆ ಪೂಜೆಗೆ ಇಡುತ್ತಾರೆ. ಇಟ್ಟಮೇಲೆ ದಸರೆಯ ಪೂಜೆ ಮುಗಿಯುವತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಅವಕ್ಕೂ ಒಂದು ದಿನ ವಿಶ್ರಾಂತಿ. ಅತ್ತೆಯವರು ಈಳಿಗೆ ಇಡುತ್ತಿದ್ದರು, ಊರಿನಿಂದ ತಂದ ಕುಡಗೋಲು ಇಡುತ್ತಿದ್ದರು, ಮಗನ ಲ್ಯಾಪ್‌ಟಾಪ್ ಇಡುತ್ತಿದ್ದರು. ನನ್ನ ಡಬ್ಬಿ ಮಾತ್ರ ಬಾಲ್ಕನಿಯಲ್ಲಿ.

"ನನ್ನ ಹತಾರ ಏನ್ ಪಾಪ ಮಾಡ್ಯಾವ್ರಿ ಅತ್ತಿ?" ಅಂತ ಒಂದು ವರ್ಷ ಕೇಳಿಯೇಬಿಟ್ಟೆ.

"ಸೈಕಲ್ ಪಾನಾ ಯಾರರ ದೇವರ ಮುಂದ ಇಡ್ತಾರೇನ್ ಯವ್ವಾ? ಹೆಂಗಸರ ಹತಾರ ಅಂದ್ರ ಈಳಿಗಿ."

"ಕೈಯಾಗ್ ಹಿಡ್ದು ದುಡಿಯೂದೆಲ್ಲಾ ಹತಾರೇ. ಇಡಬೇಕಂದ್ರ ಇಡಬೇಕು."

ಮಾತಿಗೆ ಮಾತು ಬೆಳೆದು ಅವತ್ತು ಇಬ್ಬರೂ ಬೇರೆಬೇರೆ ಹೊತ್ತಿಗೆ ಉಂಡೆವು. ಮರುವರ್ಷ ಅತ್ತೆಯವರೇ ಕರೆದು, "ತಂದಿಡು ಮಾರಾಯ್ತಿ, ನಿನ್ನ ಆ ಕಬ್ಬಿಣ" ಅಂದರು. ಗೆದ್ದೆ ಅಂತ ಬೀಗಿದೆ. ಡಬ್ಬಿಯೊಳಗಿನ ಒಂದೊಂದನ್ನೂ ಒರೆಸಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಈಳಿಗೆಯ ಪಕ್ಕದಲ್ಲೇ ಸಾಲಾಗಿ ಕೂಡಿಸಿದೆ. ಅತ್ತೆಯವರ ನಿಯಮ ಈಗ ನನ್ನ ಹತಾರಕ್ಕೂ ಅನ್ವಯಿಸುತ್ತದೆ ಅನ್ನುವುದು ಆ ಸಡಗರದಲ್ಲಿ ನನಗೆ ಹೊಳೆಯಲೇ ಇಲ್ಲ.

ಆ ವರ್ಷ ನಮ್ಮ ಮನೆಯವರು ಹಬ್ಬಕ್ಕೆ ಬಂದಿರಲಿಲ್ಲ. ನವಮಿಯ ಸಂಜೆ ಶಿವಾನಿಯ ಸೈಕಲ್ಲಿಗೆ ಮುಂದಿನ ಬ್ರೇಕಿನ ಹೊಸ ವೈರ್ ಹಾಕುತ್ತಿದ್ದೆ. ಅವಳ ಹಿಂದಿನ ಬ್ರೇಕು ಹೆಸರಿಗೆ ಮಾತ್ರ, ರಬ್ಬರ್ ಸವೆದು ಕಿರುಗುಡುವುದಷ್ಟೇ ಅದರ ಕೆಲಸ. ನಿಲ್ಲಿಸುವುದೆಲ್ಲ ಮುಂದಿನದು. ಈ ಬ್ರೇಕಿನ ವೈರು ಕೊನೆಗೆ ಬಂದು ಚಕ್ರದ ಹತ್ತಿರ ಒಂದು ಬೋಲ್ಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆ ಬೋಲ್ಟು ವೈರನ್ನು ಕಚ್ಚಿ ಹಿಡಿದರೆ ಬ್ರೇಕು, ಬಿಟ್ಟರೆ ಏನೂ ಇಲ್ಲ. ನಾನು ವೈರ್ ಎಳೆದು ಹಿಡಿದು ಬೋಲ್ಟನ್ನು ಬೆರಳಿನಿಂದ ತಿರುವಿದೆ. ಅಲನ್ ಕೀಯಿಂದ ಒಂದು ಗಟ್ಟಿ ತಿರುವು ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು.

"ಏ ಸಂಗೀತಾ, ಹೊತ್ತು ಮುಳುಗ್ಲತ್ತದ! ಹತಾರ ತಂದಿಡು," ಒಳಗಿನಿಂದ ಕೂಗು.

"ಒಂದೇ ನಿಮಿಷ್ರಿ ಅತ್ತಿ!"

"ಪೂಜಿಗಿ ಕೂಡ್ಸಂತ ನೀನೇ ಜಗಳಾಡಿದ್ದಿ. ಈಗ ನಿಮಿಷ ಅಂತೀದಿ?"

ಆ ಮಾತು ಚುಚ್ಚಿತು. ರಪ್ಪನೆ ಎಲ್ಲ ಹತಾರ ಬಾಚಿಕೊಂಡು ಒಳಗೆ ಹೋದೆ. ನಾಳೆ ಪೂಜೆ ಎತ್ತಿದ ಮೇಲೆ ಬಿಗಿದರಾಯಿತು, ಸೈಕಲ್ ಎಲ್ಲಿಗೆ ಓಡಿಹೋಗುತ್ತದೆ ಅಂದುಕೊಂಡೆ. ಇನ್ನೂ ಒಂದು ಘನಕಾರ್ಯ ಮಾಡಿದೆ. ವಾಹನಕ್ಕೆ ಮುಟ್ಟಬಾರದೆಂಬ ನಿಯಮವಿಲ್ಲ, ಪೂಜೆಯಂತೂ ಆಗಬೇಕಲ್ಲ, ಅರ್ಧ ರಿಪೇರಿಯ ಆ ಸೈಕಲ್ಲನ್ನು ಒರೆಸಿ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಹಾರ ಹಾಕಿ ನಿಂತ ಸೈಕಲ್ ನೋಡಿ ರಿಪೇರಿ ಮುಗಿದಿಲ್ಲ ಅಂತ ಯಾರು ಅಂದುಕೊಂಡಾರು, ನೀವೇ ಹೇಳ್ರಿ. ಶಿವಾನಿ ಆ ಹೊತ್ತಿಗೆ ಗೆಳತಿಯರ ಜೊತೆ ದಾಂಡಿಯಾಕ್ಕೆ ಹೋಗಿದ್ದಳು, ಬಂದವಳೇ ಮಲಗಿದಳು. ನಾನು ಹೋಳಿಗೆಯ ಹೂರಣದಲ್ಲಿ ಮುಳುಗಿದ್ದೆ.

ದಸರೆಯ ಬೆಳಿಗ್ಗೆ ಬಾಗಿಲಿಗೆ ತೋರಣ ಕಟ್ಟಲು ಹೊರಗೆ ಬಂದೆ. ಸೈಕಲ್ ನಿಂತ ಜಾಗ ಖಾಲಿ ಇತ್ತು. ನಿಂಬೆಹಣ್ಣು ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು.

"ಅತ್ತೀ, ಶಿವು ಎಲ್ಲಿ?"

"ಕತ್ತಲ್ದಾಗೇ ಹೋದ್ಳಲ್ಲ. ಆಕಿ ಗೆಳತಿ ಕೇತಕಿ ಬಂದಿದ್ಳು. ವೇರೂಳಿಗಿ, ಘೃಷ್ಣೇಶ್ವರನ ದರ್ಶನಕ್ಕ. ನಿಂಗ್ ಹೇಳೀನಂದ್ಳು."

ಹೇಳಿದ್ದಳು, ನಿಜ. ನಾಲ್ಕು ದಿನದ ಹಿಂದೆ, ನಾನು ಬ್ಯಾಂಕಿಗೆ ಹೊರಟ ಗಡಿಬಿಡಿಯಲ್ಲಿ. ಬಸ್ಸಿನಲ್ಲಿ ಹೋಗುತ್ತಾರೆ ಅಂದುಕೊಂಡು ಹೂಂ ಅಂದಿದ್ದೆ. ಈಗ ಕೈಯಲ್ಲಿದ್ದ ತೋರಣ ಬಿದ್ದದ್ದೂ ಗೊತ್ತಾಗಲಿಲ್ಲ. ಊರೊಳಗಿನ ಸಪಾಟು ರಸ್ತೆಯಲ್ಲಿ ಬ್ರೇಕನ್ನು ಯಾರೂ ಜೋರಾಗಿ ಹಿಡಿಯುವುದಿಲ್ಲ. ಮೆಲ್ಲಗೆ ಹಿಡಿದರೆ ಆ ಸಡಿಲು ಬೋಲ್ಟೂ ತಡೆದುಕೊಳ್ಳುತ್ತದೆ. ದೌಲತಾಬಾದ್ ದಾಟಿ ಘಾಟ್ ಹತ್ತುವಾಗ ಬ್ರೇಕೇ ಬೇಡ. ಖುಲ್ತಾಬಾದ್ ಮುಗಿದಮೇಲೆ ವೇರೂಳಿಗೆ ಒಮ್ಮೆಲೇ ಇಳಿಜಾರು, ತಿರುವಿನ ಮೇಲೆ ತಿರುವು, ಎದುರಿಗೆ ಯಾತ್ರಿಕರ ಬಸ್ಸು. ಅಲ್ಲಿ ಜೀವ ಗಟ್ಟಿಹಿಡಿದು ಬ್ರೇಕ್ ಹಿಡಿಯಬೇಕು. ಹಿಡಿದ ಕ್ಷಣಕ್ಕೆ ವೈರು ಜಾರುತ್ತದೆ.

ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. "ಬ್ರೇಕ್ ಹಿಡೀಬ್ಯಾಡ, ಇಳೀಬ್ಯಾಡ, ನಿಂತ್ಕೋ" ಅಂತ ಮೆಸೇಜ್ ಹಾಕಿದೆ. ಎರಡು ಟಿಕ್ಕು ಬಂದವು, ನೀಲಿ ಆಗಲಿಲ್ಲ. ಸೈಕಲ್ ಮೇಲಿದ್ದಾಗ ಫೋನ್ ಚೀಲದಲ್ಲಿರಬೇಕು ಅಂತ ಅವಳಿಗೆ ಹೊಡೆದು ಬಡಿದು ಕಲಿಸಿದವಳು ನಾನೇ. ಕೇತಕಿಯ ನಂಬರ್ ನನ್ನ ಹತ್ತಿರ ಇರಲಿಲ್ಲ.

ಸ್ಕೂಟರಿನ ಚಾವಿ ತೆಗೆದುಕೊಂಡು ಒಳಗೆ ಓಡಿದೆ. ಅಲನ್ ಕೀ ಬೇಕಿತ್ತು. ಘಟದ ಮುಂದೆ ಈಳಿಗೆಯ ಪಕ್ಕದಲ್ಲಿ, ಹೂವಿನ ಕೆಳಗೆ, ಅದು ಕೂತಿತ್ತು. ದೇವರ ಪೂಜೆ ಇನ್ನೂ ಆಗಿರಲಿಲ್ಲ. ಅತ್ತೆಯವರು ಆಗತಾನೆ ಸ್ನಾನ ಮಾಡಿ ಒದ್ದೆ ತಲೆಯಲ್ಲಿ ನಿಂತಿದ್ದರು. ನಾನು ಕೈ ಚಾಚಿದೆ, ಕೈ ಅರ್ಧಕ್ಕೇ ನಿಂತಿತು. ಯಾಕೆ ನಿಂತಿತು ಅಂತ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಮಗಳ ಜೀವದ ಪ್ರಶ್ನೆ ಇರುವಾಗ ಪೂಜೆ ಕೆಡುತ್ತದಲ್ಲಾ ಅಂತ ಅಂಜಿದೆ. ಅಂಜಿಕೆಗೆ ಬುದ್ಧಿ ಎಲ್ಲಿರುತ್ತದೆ?

"ಬ್ರೇಕ್ ಬಿಗೀದಿಲ್ರಿ ಅತ್ತಿ. ಶಿವು ಘಾಟ್ ಇಳೀತಾಳ," ಅಂದೆ. ಅಷ್ಟೇ ಹೊರಟಿತು ಬಾಯಿಂದ.

ಅತ್ತೆಯವರೇ ಬಗ್ಗಿ, ಹೂವು ಸರಿಸಿ, ಕೀ ಎತ್ತಿ ನನ್ನ ಅಂಗೈಯಲ್ಲಿ ಒತ್ತಿದರು. "ಇದಾ ಹೌದಿಲ್ಲೋ? ಹೋಗು. ಘಟದಾಗಿನ ಅವ್ವ ಏನ್ ಮುನಿಸ್ಕೊಳ್ಳಾಂಗಿಲ್ಲ. ಮುನಿಸ್ಕೊಂಡ್ರ ನನ್ನ ಮ್ಯಾಲ ಮುನಿಸ್ಕೊಳ್ಲಿ, ನಾ ಹಣ್ಣಾದಾಕಿ. ಹೋಗು, ನಿಂದ್ರಬ್ಯಾಡ!"

ದಸರೆಯ ಬೆಳಗಿನ ಸಂಭಾಜಿನಗರ ನೋಡಬೇಕ್ರಿ. ರಸ್ತೆಯ ಎರಡೂ ಕಡೆ ಚೆಂಡುಹೂವಿನ ರಾಶಿ, ಬನ್ನಿಯ ಹಾಗೆ ಹಂಚುವ ಆಪಟೆ ಎಲೆಯ ಹೊರೆ, ಚೌಕಾಸಿ ಮಾಡುವವರ ಗದ್ದಲ. ಬೇರೆ ದಿನವಾಗಿದ್ದರೆ ನಾನೂ ಗಾಡಿ ನಿಲ್ಲಿಸಿ ಚೌಕಾಸಿ ಮಾಡುತ್ತಿದ್ದೆ. ಅವತ್ತು ಹೂವು ಕೊಳ್ಳಲು ರಸ್ತೆಯ ನಡುವೆ ಗಾಡಿ ನಿಲ್ಲಿಸಿದವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ದಂಡಿನ ಛಾವಣಿ ದಾಟಿದೆ, ಮಿಟಮಿಟಾ ಅನ್ನುವ ಹಳ್ಳಿ ದಾಟಿದೆ. ಮುಂದೆ ಕಂಡ ಪ್ರತಿ ಸೈಕಲ್ಲೂ ಅವಳದೇ ಅನ್ನಿಸಿ, ಹತ್ತಿರ ಹೋದರೆ ಹಾಲಿನವರು, ಪೇಪರಿನವರು.

ಇಂಥ ಹೊತ್ತಿನಲ್ಲಿ ಮನಸ್ಸು ಬೇಡದ್ದನ್ನೇ ತೆಗೆದು ತೋರಿಸುತ್ತದೆ. ನಾಸಿಕದಲ್ಲಿದ್ದಾಗ ಒಮ್ಮೆ ತಾಯಿ ಮಗಳಿಬ್ಬರೂ ಪಿಂಪಳಗಾಂವ್ ಬಸವಂತಕ್ಕೆ ಸೈಕಲ್ ಮೇಲೆ ಹೋಗಿದ್ದೆವು, ಶಿವಾನಿ ಆಗಿನ್ನೂ ಸ್ಕೂಲು. ಉಳ್ಳಾಗಡ್ಡಿ ಮಾರ್ಕೆಟ್ಟಿನ ಹತ್ತಿರ ಅವಳ ಟಾಯರ್ ಪಂಕ್ಚರ್ ಆಯಿತು. ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಒಂದರ ನೆರಳಲ್ಲಿ ಕೂತು ನಾನು ಟ್ಯೂಬಿಗೆ ತೇಪೆ ಹಾಕಿದೆ. ರೈತರೆಲ್ಲ ಸುತ್ತ ನಿಂತು ತಲೆಗೊಂದು ಸಲಹೆ ಕೊಟ್ಟರು. ಇವಳು ಚೀಲದ ಮೇಲೆ ಕೂತು, "ಮಮ್ಮಿ, ಇದು ಮನೀತನಾ ತಡೀತದಾ?" ಅಂತ ಕೇಳಿದಳು. "ನಾ ಮಾಡೀನಲ್ಲ," ಅಂದೆ. ಅವಳು ಮತ್ತೇನೂ ಕೇಳದೆ ಹತ್ತಿ ಕೂತು ತುಳಿದಳು. ಅವತ್ತಿನಿಂದ ಅವಳು ನನ್ನ ರಿಪೇರಿಯನ್ನು ಪ್ರಶ್ನಿಸಿದ್ದೇ ಇಲ್ಲ. ನಾನು ಮಾಡಿದೆ ಅಂದರೆ ಆಯಿತು. ಅವಳ ಆ ನಂಬಿಕೆ ನನಗೆ ಎಷ್ಟು ಹಿತವಾಗಿತ್ತೋ ದೌಲತಾಬಾದಿನ ರಸ್ತೆಯಲ್ಲಿ ಅಷ್ಟೇ ಹೆದರಿಕೆ ಹುಟ್ಟಿಸಿತು. ಅನುಮಾನದ ಮಗಳಾಗಿದ್ದರೆ ಹೊರಡುವ ಮೊದಲು ಒಮ್ಮೆ ಬ್ರೇಕ್ ಅದುಮಿ ನೋಡುತ್ತಿದ್ದಳಲ್ಲಾ ಶಿವನೇ!

ದೌಲತಾಬಾದಿನ ಕೋಟೆಯ ಹತ್ತಿರ ಹಳೆಯ ದರವಾಜಾ ಇದೆ, ಒಂದು ಬಸ್ಸಷ್ಟೇ ತೂರುವ ಬಾಗಿಲು. ಅಲ್ಲಿ ಎರಡು ಕಡೆಯ ಗಾಡಿಗಳೂ ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಬಾನೆಟ್ಟಿಗೆ ಹಾರ ಹಾಕಿದ ಒಂದು ಟೆಂಪೊ ಹಿಂದಕ್ಕೂ ಸರಿಯದು, ಮುಂದಕ್ಕೂ ಬಾರದು. ಸೀತಾಫಲದ ಬುಟ್ಟಿಯವರು ಆ ಸಂದಣಿಯಲ್ಲೂ ವ್ಯಾಪಾರ ನಡೆಸಿದ್ದರು. "ಘ್ಯಾ ನಾ ತಾಈ, ಗೋಡ ಆಹೇ," ಅಂತ ಒಬ್ಬಾಕೆ ನನ್ನ ಮೂಗಿನ ಕೆಳಗೇ ಸೀತಾಫಲ ಹಿಡಿದಳು, ಸಿಹಿಯಾಗಿವೆ ತೊಗೋ ಅಂತ. ನನಗೆ ಅಳು ಬಂತು. ಅವಳು ಹೆದರಿ ಹಣ್ಣು ಹಿಂದಕ್ಕೆ ತೆಗೆದುಕೊಂಡಳು. ಸ್ಕೂಟರನ್ನು ಗೋಡೆಗೆ ಒರೆಸಿಕೊಂಡೇ ಹೇಗೋ ಆಚೆ ತೂರಿಸಿದೆ.

ಘಾಟ್ ಹತ್ತಿದೆ. ಏರಿನಲ್ಲಿ ಸೈಕಲ್ ನಿಧಾನವಾಗುತ್ತದೆ, ಇಲ್ಲೇ ಸಿಗುತ್ತಾಳೆ, ಈ ತಿರುವಿಗೆ, ಮುಂದಿನ ತಿರುವಿಗೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಿಗಲಿಲ್ಲ. ಖುಲ್ತಾಬಾದಿನ ಚಹದ ಅಂಗಡಿಯ ಮುಂದೆ ಎರಡು ಮೂರು ಸೈಕಲ್ ನಿಂತಿದ್ದವು, ಎದೆ ಹಗುರಾಯಿತು, ಯಾರೋ ಗಂಡಸರು. "ದೋನ್ ಮುಲೀ ಸೈಕಲ್ವರ್?" ಅಂತ ಕೇಳಿದೆ. ಇಬ್ಬರು ಹುಡುಗಿಯರಾ, ಈಗಷ್ಟೇ ಹೋದರಲ್ಲ ಅಂತ ಕೈ ಮಾಡಿ ಇಳಿಜಾರಿನ ಕಡೆ ತೋರಿಸಿದರು.

ಇಳಿಯುವಾಗ ರಸ್ತೆ ನೋಡಲಿಲ್ಲ, ರಸ್ತೆಯ ಅಂಚು ನೋಡಿದೆ. ಮೊದಲ ತಿರುವು, ಏನಿಲ್ಲ. ಅದರ ಮುಂದಿನದು, ಏನಿಲ್ಲ. ಆಮೇಲೆ ಕೇತಕಿ ಕಂಡಳು. ಒಬ್ಬಳೇ. ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸುತ್ತಿದ್ದಳು.

"ಕಾಕೂ, ಥಾಂಬಾ! ಘಾಬರೂ ನಕಾ!"

ನಿಲ್ಲಿ, ಗಾಬರಿಯಾಗಬೇಡಿ ಅಂತ. ಹಾಗೆ ಯಾರಾದರೂ ಅಂದರೆ ಇನ್ನೂ ಗಾಬರಿಯಾಗುವವಳು ನಾನು. ಸ್ಕೂಟರ್ ಸ್ಟ್ಯಾಂಡ್ ಹಾಕಿದೆನೋ ಬಿಸಾಡಿದೆನೋ ನೆನಪಿಲ್ಲ. ಗುಡ್ಡದ ಕಡೆಯ ಗಟಾರದಾಚೆ ಪೊದೆಯಲ್ಲಿ ಸೈಕಲ್ ಮುಖ ಹುಗಿದುಕೊಂಡು ಬಿದ್ದಿತ್ತು. ಪಕ್ಕದ ಕಲ್ಲಿನ ಮೇಲೆ ಶಿವಾನಿ ಕೂತಿದ್ದಳು. ಕೂತಿದ್ದಳು, ನನಗೆ ಅಷ್ಟು ಸಾಕಿತ್ತು. ಮೊಣಕೈ ತರಚಿ ರಕ್ತ, ಪ್ಯಾಂಟು ಮೊಣಕಾಲಿನ ಹತ್ತಿರ ಹರಿದಿತ್ತು, ಮುಖ ಸುಣ್ಣ. ತಬ್ಬಿಕೊಂಡೆ. ಕೈ, ಕಾಲು, ಕುತ್ತಿಗೆ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ.

"ಬ್ರೇಕ್ ಹಿಡ್ದೆ ಮಮ್ಮಿ. ಇರಲೇ ಇಲ್ಲ. ಹಿಡಿ ಪೂರಾ ಒಳಗ ಬಂತು," ಅಂದಳು. "ಮುಂದ ಬಸ್ ಬರ್ಲತ್ತಿತ್ತು. ಇತ್ಲಾಗ್ ಹೊಳ್ಳಿಸ್ದೆ."

ಸುಳ್ಳು ಹೇಳಲು ಜಾಗವಿತ್ತು ನೋಡ್ರಿ. ಹೊಸ ವೈರೇ ಕೆಟ್ಟದ್ದು ಅನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಅವಳ ಕಣ್ಣು ನೋಡಿ ಆಗಲಿಲ್ಲ.

"ನಾ ಬಿಗೀಲಿಲ್ಲ ಶಿವು. ಬೆರಳಿಂದ ತಿರುವಿ ಬಿಟ್ಟಿದ್ನಿ. ಪೂಜಿ ಹೊತ್ತಾತಂತ ಕೀ ದೇವರ ಮುಂದ ಇಟ್ಟೆ."

ಅವಳು ನನ್ನ ಕೈ ಬಿಡಿಸಿಕೊಂಡಳು. ಸಿಟ್ಟು ಬಂದರೆ ಅವಳ ಬಾಯಿಗೆ ಕನ್ನಡ ಬರುವುದಿಲ್ಲ. "ಮಗ ಸಾಂಗಾಯಚಂ ನಾ!" ಅಂತ ಕಿರುಚಿದಳು, ಹೇಳಬೇಕಿತ್ತಲ್ಲ ಅಂತ. ಆಮೇಲೆ ಹುಡುಕಿ ಹುಡುಕಿ ಕನ್ನಡದಲ್ಲೇ ಅಂದಳು: "ಹಾರ ಹಾಕಿದ್ದಿ. ನಾ ರೆಡಿ ಅದಾ ಅಂತ ತಿಳ್ಕೊಂಡೆ. ನೀ ಮಾಡೀದಿ ಅಂತ ತಿಳ್ಕೊಂಡೆ."

ನೀರು ಕುಡಿಸಿದೆ, ನನ್ನ ಓಢಣಿಯಿಂದ ಮೊಣಕೈ ಕಟ್ಟಿದೆ. ಬಸ್ಸುಗಳು ನಮ್ಮನ್ನು ಹಾದು ಹೋಗುತ್ತಿದ್ದವು, ಕಿಟಕಿಯಿಂದ ಜನ ಇಣುಕುತ್ತಿದ್ದರು. ಕೊನೆಗೆ ಅವಳು ಕೈ ಚಾಚಿದಳು. "ಕೀ ತಂದೀದಿ? ಕೊಡು."

ಬ್ರೇಕಿನ ಕೆಲಸಕ್ಕೆ ಇಬ್ಬರಿದ್ದರೆ ಸಲೀಸು. ಒಬ್ಬರು ಚಕ್ರದ ಎರಡೂ ಕಡೆಯ ತೋಳುಗಳನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬಿಗಿಯಬೇಕು. ಅವಳು ಮನೆಯಲ್ಲಿದ್ದಾಗೆಲ್ಲ ಅವಳೇ ಹಿಡಿಯುತ್ತಿದ್ದಳು, ನಾನು ಬಿಗಿಯುತ್ತಿದ್ದೆ. ನಾನು ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅವಳು ನನ್ನ ಕಡೆ ನೋಡದೆ, "ಕೇತಕಿ, ಪಕಡ್," ಅಂದಳು, ಹಿಡಿ ಅಂತ. ನಾನು ಎದ್ದು ಪಕ್ಕಕ್ಕೆ ಸರಿದು ನಿಂತೆ. ಆ ನೋವು ಹೇಳಿದರೆ ನಗುತ್ತೀರಿ. ಬೋಲ್ಟು ಬಿಗಿಯಲು ಕರೆಯಲಿಲ್ಲ ಅಂತ ಯಾರಾದರೂ ಅಳುತ್ತಾರೆಯೇ?

ವೈರ್ ಇನ್ನೊಂಚೂರು ಎಳಿ, ಅಂತ ಬಾಯಿಗೆ ಬಂತು, ನುಂಗಿದೆ. ಅವಳು ತಾನಾಗಿಯೇ ಎಳೆದಳು. ಕೀ ತೂರಿಸಿ, ತಿರುವಿ, ತುಟಿ ಕಚ್ಚಿಕೊಂಡು ಇನ್ನೊಮ್ಮೆ ತಿರುವಿದಳು. ವೈರು ಬೋಲ್ಟಿನ ಕೆಳಗೆ ಚಪ್ಪಟೆಯಾದದ್ದು ನಾನು ನಿಂತಲ್ಲಿಂದಲೇ ಕಂಡಿತು. ಆಮೇಲೆ ಎದ್ದು ಬ್ರೇಕಿನ ಹಿಡಿಯನ್ನು ಬೆರಳಿನ ಗೆಣ್ಣು ಬೆಳ್ಳಗಾಗುವಂತೆ ಅದುಮಿದಳು. ಮತ್ತೆ ಅದುಮಿದಳು, ಮತ್ತೆ, ಮತ್ತೆ. ಹಾಗೆ ಅದುಮಿ ನೋಡುವುದನ್ನು ನಾನು ಯಾವತ್ತೂ ಮಾಡಿರಲಿಲ್ಲ. ಬಿಗಿದೆ ಅಂದಮೇಲೆ ಬಿಗಿದಂತೆಯೇ ಅನ್ನುವ ಜಾತಿ ನನ್ನದು.

"ಸೈಕಲ್ ಇಲ್ಲೇ ಇರ್ಲಿ. ಟೆಂಪೊ ಹಿಡ್ದು ತರಸ್ತೀನಿ. ನೀ ಸ್ಕೂಟರ್ ಹತ್ತು," ಅಂದೆ.

"ಇಲ್ಲ. ನಾ ಇಳೀತೀನಿ."

"ಹಠ ಮಾಡಬ್ಯಾಡ ಶಿವು. ನನ್ನ ಜೀವ ನಿಲ್ಲಾಂಗಿಲ್ಲ."

"ನಂಗೂ ಅಂಜಿಕಿ ಅದಾ ಮಮ್ಮಿ. ಈಗ ಇಳೀದಿದ್ರ ಮತ್ತೆಂದೂ ಸೈಕಲ್ ಹತ್ತಾಂಗಿಲ್ಲ ನಾ." ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದು ಬಿಗಿದುಕೊಂಡಳು. "ನೀ ಮುಂದ ಹೋಗು. ಹಿಂದಿದ್ರ ಹಾರ್ನ್ ಹೊಡೀತಿ, ಒದರ್ತಿ. ತಲಿ ಕೆಡ್ತದ ನಂಗ."

ಬೇಡ ಅನ್ನುವ ಹಕ್ಕು ತಾಯಿಗೆ ಇತ್ತು. ಆದರೆ ಹಾರ ಹಾಕಿ ಮೋಸದ ಸೈಕಲ್ ನಿಲ್ಲಿಸಿದವಳೂ ನಾನೇ ಆಗಿದ್ದೆ. ಅವಳು ಬಿಗಿದದ್ದು ಸರಿಯಾಗಿತ್ತು, ಕಣ್ಣಾರೆ ಕಂಡಿದ್ದೆ. ಅದನ್ನು ನಂಬುವುದೋ, ನನ್ನ ಹೆದರಿಕೆಯನ್ನು ನಂಬುವುದೋ? ಸ್ಕೂಟರ್ ಚಾಲೂ ಮಾಡಿದೆ. ಕೇತಕಿ ಅವಳ ಹಿಂದೆ ಬರುತ್ತೇನೆಂದು ಸನ್ನೆ ಮಾಡಿದಳು. ನಾನು ಮುಂದೆ ಹೋದೆ. ಆ ಘಾಟನ್ನು ಅಷ್ಟು ನಿಧಾನವಾಗಿ ಯಾರೂ ಇಳಿದಿರಲಿಕ್ಕಿಲ್ಲ. ಹಿಂದಿನ ಜೀಪಿನವನು ಶಾಪ ಹಾಕಿಕೊಂಡೇ ದಾಟಿ ಹೋದ. ಕನ್ನಡಿಯಲ್ಲಿ ನೋಡಿದರೆ ತಿರುವು ಮಾತ್ರ, ಅವಳಿಲ್ಲ. ಇನ್ನೊಮ್ಮೆ ನೋಡಿದರೂ ತಿರುವೇ. ಆಮೇಲೆ ನೋಡುವುದನ್ನೇ ಬಿಟ್ಟೆ.

ಕೆಳಗೆ ಗುಹೆಗಳ ಕಡೆ ರಸ್ತೆ ಸಪಾಟಾಗುವಲ್ಲಿ ಗಾಡಿ ನಿಲ್ಲಿಸಿ ಇಳಿದೆ. ದರ್ಶನಕ್ಕೆ ಹೊರಟ ಜನ, ಫೋಟೋ ತೆಗೆಯುವ ಜನ, ಯಾರಿಗೂ ಏನೂ ಆಗಿರಲಿಲ್ಲ. ಘೃಷ್ಣೇಶ್ವರನಿಗೆ ಹರಕೆ ಹೊರೋಣ ಅಂದರೆ ಏನು ಹೊರಬೇಕೋ ತೋಚಲಿಲ್ಲ. ಮೇಲಿನಿಂದ ಬ್ರೇಕು ಕಿರುಗುಟ್ಟುವ ಸದ್ದಿಗೆ ಕಿವಿ ನಿಮಿರಿಸಿಕೊಂಡು ನಿಂತೆ. ಬಸ್ಸು ಬಂತು, ಮೋಟಾರ್ ಸೈಕಲ್ ಬಂತು, ಅವಳ ಸದ್ದು ಬರಲಿಲ್ಲ. ಮತ್ತೆ ಮೇಲೆ ಹೋಗಲೇ ಅಂತ ಗಾಡಿಯ ಹ್ಯಾಂಡಲ್ ಹಿಡಿದೆ.

ಅಷ್ಟರಲ್ಲಿ ಅವಳು ನನ್ನನ್ನು ಹಾದು ಮುಂದೆ ಹೋಗಿಯೇಬಿಟ್ಟಳು. ಮುಂದಿನ ಬ್ರೇಕೊಂದನ್ನೇ ಹಿಡಿದು ಬಂದಿದ್ದಳು, ಅದು ಸದ್ದೇ ಮಾಡಿರಲಿಲ್ಲ. ಸ್ವಲ್ಪ ದೂರ ಹೋಗಿ ನಿಧಾನವಾಗಿ ನಿಂತು, ಒಂದು ಕಾಲು ನೆಲಕ್ಕೆ ಊರಿದಳು. ಇಳಿಯಲಿಲ್ಲ. ನಾನು ಓಡಿದೆ. ಅವಳು ಮುಂದೆ ನೋಡುತ್ತಲೇ ಇದ್ದಳು, ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಮಮ್ಮಿ, ಬೆರಳ್ ಬಿಡವಲ್ಲವು," ಅಂದಳು. "ನೀ ಬಿಡ್ಸು."

ಬಲಗೈ ಬ್ರೇಕಿನ ಹಿಡಿಯ ಮೇಲೆ ಮರಗಟ್ಟಿತ್ತು, ಉಗುರು ಬಿಳುಚಿಕೊಂಡಿದ್ದವು. ನಾನು ರಸ್ತೆಯ ಮೇಲೆಯೇ ಮೊಣಕಾಲೂರಿದೆ. ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸಿದೆ.

"ನಿಧಾನ," ಅಂದಳು.

"ಹೂಂ," ಅಂದೆ.